ಹೊಳೆ ಆಚೆಯ ಡಾಕ್ಟರು, ಕಡಲ ಬದಿಯ ಮನೆ

ಹೊನ್ನಾವರದಿಂದ ಹೊರಡುವ ಲೋಕಲ್ ಬಸ್ಸಿಗೆ ಅಲ್ಲಿ ಸ್ಟಾಪು ಇಲ್ಲ. ಬೋರ್ಡಿಲ್ಲ, ತಂಗುದಾಣವೂ ಇಲ್ಲ. ಆದರೂ ಗಾಳಿಮರದ ತೋಪು ಕಂಡಕೂಡಲೇ ಕಂಡಕ್ಟರು ಸೀಟಿ ಹೊಡೆಯುತ್ತಾನೆ. "ಡಾಕ್ಟ್ರ ಮನೆ ಯಾರ್ರೀ, ಬೇಗ ಇಳೀರಿ!" ಕೈಚೀಲ ಹಿಡಿದ ಒಬ್ಬಿಬ್ಬರು ಇಳಿಯುತ್ತಾರೆ. ಡ್ರೈವರು ಗೊಣಗುವುದಿಲ್ಲ. ಹಿಂದೆ ಕೂತವರೂ "ಎಲ್ಲಾ ಕಡೆ ನಿಲ್ಸ್ತಾ ಹೋಗ್ರಿ" ಎಂದು ರೇಗುವುದಿಲ್ಲ. ನಮ್ಮ ಬಸ್ಸುಗಳ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ ಎಂಬುದು ದಿನಾ ಓಡಾಡುವ ಓದುಗರಿಗೆ ಗೊತ್ತು.

ಕಳೆದ ಶನಿವಾರ ಸಂಜೆ ನಾವೂ ಅಲ್ಲಿ ಇಳಿದೆವು. ಹಂಚಿನ ಮನೆ. ಮುಂದೆ ನಾಲ್ಕು ತೆಂಗಿನಮರ, ಹಿಂದೆ ಮರಳು, ಅದರಾಚೆ ಕಡಲು. ಜಗಲಿಯ ಮೇಲೆ ಲುಂಗಿ, ಬನಿಯನ್ನು ತೊಟ್ಟ 82 ವರ್ಷದ ಮುದುಕರೊಬ್ಬರು ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರೇ ಡಾಕ್ಟರು.

ಮೊದಲ ಮಾತೇ ಕರಾರು. "ಹೆಸರು ಹಾಕಬೇಡಿ ಮಾರಾಯ್ರೆ. ನಾನಿದ್ದ ಊರಿನ ಹೆಸರೂ ಬೇಡ. ಹಾಕಿದರೆ ನಾಳೆಯಿಂದ ಇಲ್ಲಿ ಕ್ಯೂ ಶುರುವಾಗ್ತದೆ. ನನಗೀಗ ಅಡುಗೆ ಕೆಲಸ ಇದೆ."

ಅಡುಗೆ ಕೆಲಸವೇ? ಹೌದು. ಅದರ ಕತೆ ಕೊನೆಗೆ ಬರುತ್ತದೆ. ಹೆಸರು ಬರೆಯದೆ ಉಳಿದದ್ದನ್ನು ಬರೆಯುತ್ತೇವೆ.

ಮೂರೇ ವರ್ಷ ಎಂದು ಹೋದವರು

ಡಾಕ್ಟರು ಹುಟ್ಟಿದ್ದು 1943ರಲ್ಲಿ, ಇದೇ ಹೊನ್ನಾವರ ತಾಲೂಕಿನಲ್ಲಿ. ತಂದೆ ಪ್ರಾಥಮಿಕ ಶಾಲೆ ಮಾಸ್ತರರು. ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ. ನಾಲ್ಕು ವರ್ಷದ ನಂತರ ಈ ಮಾಸ್ತರರ ಮಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತು ಅಲ್ಲಿಗೆ ಹೋದರು. ಓದು ಮುಗಿಸಿ, ಒಂದೆರಡು ಕಡೆ ದುಡಿದು, ಸರ್ಕಾರಿ ನೌಕರಿ ಸೇರಿದರು. 1970ರಲ್ಲಿ ಮದುವೆ. ಹುಡುಗಿ ಕಡಲ ಬದಿಯವಳು, ಅಲೆಯ ಸದ್ದು ಕೇಳದೆ ಒಂದು ರಾತ್ರಿಯೂ ಮಲಗಿದವಳಲ್ಲ.

1971ರಲ್ಲಿ ವರ್ಗದ ಆರ್ಡರು ಬಂತು. ಘಟ್ಟದ ಮೇಲೆ, ಸಾಗರ ತಾಲೂಕಿನ ಶರಾವತಿ ಹಿನ್ನೀರಿನ ಆಚೆ ದಡ.

ಆ ಕಡೆಯ ಕತೆ ನಮ್ಮ ಹಿರಿಯ ಓದುಗರಿಗೆ ಹೇಳಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಗದ್ದೆ, ತೋಟ, ದೇವಸ್ಥಾನ, ಎತ್ತಿನಗಾಡಿ ರಸ್ತೆ ಎಲ್ಲ ಅಡಿಗೆ ಹೋದವು. ಮುಳುಗದೆ ಉಳಿದ ಊರುಗಳು ಒಂದು ಕಡೆ ನೀರು, ಇನ್ನೊಂದು ಕಡೆ ಕಾಡು ಎಂಬಂತೆ ಸಿಕ್ಕಿಬಿದ್ದವು. ನಿನ್ನೆವರೆಗೆ ನಡೆದು ಹೋಗುತ್ತಿದ್ದ ಪೇಟೆಗೆ ಇವತ್ತು ಲಾಂಚ್ ಹತ್ತಬೇಕು. ಸಂಜೆಯಾದರೆ ಲಾಂಚ್ ಇಲ್ಲ. ನಾಡಿಗೆಲ್ಲ ಕರೆಂಟು ಕೊಟ್ಟವರ ಮನೆಯಲ್ಲಿ ಚಿಮಣಿ ಬುಡ್ಡಿ.

"ಮೂರೇ ವರ್ಷ. ಆಮೇಲೆ ನಿನ್ನನ್ನ ಕಡಲ ಬದಿಗೇ ಕರಕೊಂಡು ಬರ್ತೇನೆ ಅಂತ ಇವಳಿಗೆ ಮಾತು ಕೊಟ್ಟಿದ್ದೆ," ಎಂದು ಡಾಕ್ಟರು ಒಳಗಿನ ಕೋಣೆ ಕಡೆ ನೋಡಿದರು.

ಒಳಗಿನಿಂದ ದನಿ ಬಂತು. "ಮೂವತ್ತು ಆಯ್ತು ತಮಾ. ಒಂದು ಸೊನ್ನೆ ಹೆಚ್ಚಿಗೆ."

ಬಾಟ್ಲಿ ನೀವೇ ತನ್ನಿ

ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗಲಿ. ಡಾಕ್ಟರು, ಒಬ್ಬ ಕಂಪೌಂಡರು, ಒಬ್ಬ ದಾಯಿ, ಒಬ್ಬ ಜವಾನ. ಸೀಮೆಎಣ್ಣೆಯಲ್ಲಿ ಓಡುವ ಒಂದು ಫ್ರಿಜ್ಜು. ಅದರ ಬತ್ತಿ ಹೊಗೆಯಾಡಿದರೆ ಒಳಗಿನ ಲಸಿಕೆ ಕೆಟ್ಟಿತು ಎಂದೇ ಲೆಕ್ಕ. ಹಾಗಾಗಿ ಬೆಳಿಗ್ಗೆ ಎದ್ದವರು ದೇವರ ದೀಪಕ್ಕಿಂತ ಮೊದಲು ಅದರ ಬತ್ತಿ ನೋಡಬೇಕು.

ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಆಗ ಸಿರಿಂಜು ಗಾಜಿನದು. ಸ್ಟೋವಿನ ಮೇಲೆ ನೀರು ಕುದಿಸಿ ಅದರಲ್ಲೇ ಸಿರಿಂಜು, ಸೂಜಿ ಹಾಕಿ ಕಾಯಿಸಬೇಕು. ಸೂಜಿ ಮೊಂಡಾದರೆ ಕಂಪೌಂಡರು ಸಾಣೆಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದ. ಔಷಧವೂ ಹಾಗೆಯೇ. ದೊಡ್ಡ ಜಾಡಿಯಲ್ಲಿ ಕಲಸಿಟ್ಟ ಮಿಕ್ಸ್ಚರು. ಕೆಮ್ಮಿಗೆ ಒಂದು ಬಣ್ಣ, ಹೊಟ್ಟೆಗೆ ಒಂದು ಬಣ್ಣ. ರೋಗಿ ಮನೆಯಿಂದಲೇ ಬಾಟ್ಲಿ ತರಬೇಕು. ಅದರ ಮೇಲೆ ಕಾಗದದ ಪಟ್ಟಿ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿ, ಒಂದು ಹಲ್ಲಿಗೆ ಒಂದು ಡೋಸು ಎಂದು ತೋರಿಸಿ ಕಳಿಸುವುದು. "ಕೆಲವರು ಎಣ್ಣೆ ಬಾಟ್ಲಿ ತೊಳೀದೆ ತರ್ತಿದ್ದರು. ಔಷಧದ ಮೇಲೆ ಎಣ್ಣೆ ತೇಲ್ತಿತ್ತು. ಅದನ್ನೇ ಕುಡಿದು ಗುಣ ಆಯ್ತು ಅಂತಿದ್ದರು," ಎಂದು ಡಾಕ್ಟರು ನಕ್ಕರು.

ತಿರುಗಾಟಕ್ಕೆ ಮೈಸೂರಿನಲ್ಲಿ ತಯಾರಾದ ಒಂದು ಹಳೇ ಜಾವಾ ಮೋಟಾರ್ ಸೈಕಲ್. ಮಳೆಗಾಲದಲ್ಲಿ ಅದಕ್ಕೂ ರಜೆ. ಕಂಬಳಿ ಕೊಪ್ಪೆ ಹಾಕಿ, ಕಾಲಿಗೆ ಉಂಬಳಕ್ಕೆಂದು ಸುಣ್ಣ, ಹೊಗೆಸೊಪ್ಪು ಹಚ್ಚಿ ನಡೆಯುವುದೇ ದಾರಿ.

ಬಸ್ಸೇ ಅಂಚೆ, ಅಂಗಡಿಯೇ ಫೋನು

"ನೀವು ಬರೆಯೋದಾದರೆ ನನ್ನ ಬಗ್ಗೆ ಬೇಡ, ಇವರ ಬಗ್ಗೆ ಬರೀರಿ" ಎಂದು ಡಾಕ್ಟರು ಎರಡು ಜನರ ಕತೆ ಹೇಳಿದರು. ಒಬ್ಬ ಲಾಂಚ್ ಕಟ್ಟೆಯ ಪಕ್ಕದ ಕಿರಾಣಿ ಅಂಗಡಿಯವ. ಇನ್ನೊಬ್ಬ ಸಾಗರದಿಂದ ಈಚೆ ದಡದವರೆಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರು. ಇಬ್ಬರೂ ಈಗ ಇಲ್ಲ.

ಅಂಗಡಿಯವನ ಬಳಿ ಒಂದು ಶಾಲೆ ಪಾಟಿ ಇತ್ತು. ಡಾಕ್ಟರು ಯಾವ ಕೇರಿಗೆ ಹೋಗಿದ್ದಾರೆ, ಎಷ್ಟು ಹೊತ್ತಿಗೆ ವಾಪಸು ಎಂದು ಬಳಪದಲ್ಲಿ ಬರೆದು ಬಾಗಿಲಿಗೆ ತೂಗುಹಾಕುತ್ತಿದ್ದ. ಊರಿಗೆಲ್ಲ ಅದೇ ಫೋನು. ರೋಗಿ ಹೊತ್ತು ತಂದವರು ಆಸ್ಪತ್ರೆ ಮುಂದೆ ಸುಮ್ಮನೆ ಕಾಯುವುದು ತಪ್ಪಿತು. ಇದಕ್ಕೆ ಅವನು ಒಂದು ಪೈಸೆ ತೆಗೆದುಕೊಂಡವನಲ್ಲ. "ಕೇಳಲಿಕ್ಕೆ ಬಂದವರು ಒಂದು ಕಟ್ಟು ಬೀಡಿನಾದರೂ ತಗೊಳ್ತಾರಲ್ಲ ಡಾಕ್ಟ್ರೇ" ಎನ್ನುತ್ತಿದ್ದನಂತೆ. ವ್ಯಾಪಾರ ಬಲ್ಲವನು!

ಕಂಡಕ್ಟರ ಕತೆ 1978ರದು. ಅಡಿಕೆ ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹದಿನಾಲ್ಕರ ಹುಡುಗನಿಗೆ ಕೊಳಕುಮಂಡಲ ಕಚ್ಚಿತು. ಹೊತ್ತು ತಂದಾಗ ಕಾಲು ತೊಡೆಯವರೆಗೆ ಬಾತಿದೆ, ವಸಡಿನಲ್ಲಿ ರಕ್ತ. ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು ಇಪ್ಪತ್ತು ನಿಮಿಷ ಇಟ್ಟು ನೋಡಿದರೆ ಹೆಪ್ಪುಗಟ್ಟಲಿಲ್ಲ. ವಿಷ ಏರಿದೆ ಎಂಬುದಕ್ಕೆ ಅದೇ ಗುರುತು. ಆಸ್ಪತ್ರೆಯಲ್ಲಿದ್ದ ವಿಷಹರ ಔಷಧ ಎರಡೇ ಸೀಸೆ. ಎರಡೂ ಕೊಟ್ಟಾಯಿತು. ಸಾಲದು.

ಚೀಟಿ ಬರೆದರು. ಅಂಗಡಿಯವನ ಮಗ ಅದನ್ನು ಹಿಡಿದು ಲಾಂಚಿಗೆ ಓಡಿದ. ಲಾಂಚಿನವ ಆಚೆ ದಡದಲ್ಲಿ ಕಂಡಕ್ಟರ ಕೈಗೆ ಕೊಟ್ಟ. ಬಸ್ಸು ಸಾಗರ ಮುಟ್ಟಿದ ಮೇಲೆ ಕಂಡಕ್ಟರು ಊಟಕ್ಕೆ ಹೋಗಲಿಲ್ಲ. ಆಸ್ಪತ್ರೆಗೆ ಹೋಗಿ ಸೀಸೆಗಳನ್ನು ಪಡೆದು, ತನ್ನ ಬುತ್ತಿ ಡಬ್ಬಿಯ ಅನ್ನ ನಾಯಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ ಅದರಲ್ಲೇ ಇಟ್ಟುಕೊಂಡು ತಿರುಗಿ ಬಂದ. ಬೆಳಿಗ್ಗೆ ಹೋದ ಚೀಟಿಗೆ ಮಧ್ಯಾಹ್ನ ಔಷಧ ಬಂತು. ಹುಡುಗ ಉಳಿದ.

"ಆ ಡಬ್ಬಿ ಒಂದು ಇಲ್ಲದಿದ್ದರೆ ನನ್ನ ಡಿಗ್ರಿ ಇಟ್ಟುಕೊಂಡು ಏನು ಮಾಡೋದು?" ಎಂಬುದು ಡಾಕ್ಟರ ಪ್ರಶ್ನೆ.

ಹಾವು ಕಚ್ಚಿದರೆ ಏನು ಮಾಡಬೇಕೆಂದು ಇವತ್ತೂ ಅವರು ಬಂದವರಿಗೆಲ್ಲ ಹೇಳುತ್ತಾರೆ: ಬ್ಲೇಡಿನಲ್ಲಿ ಗೀರಬೇಡಿ, ಬಾಯಲ್ಲಿ ಹೀರಬೇಡಿ, ಹಗ್ಗ ಬಿಗಿಯಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ, ಮೂಳೆ ಮುರಿದವರನ್ನು ಒಯ್ಯುವ ಹಾಗೆ ಒಯ್ಯಿರಿ. ನಾಟಿ ಮದ್ದಿನವರ ಮನೆಗೆ ಹೋಗಿ ಒಂದು ಗಂಟೆ ಕಳೆದು ಆಮೇಲೆ ಆಸ್ಪತ್ರೆಗೆ ಬಂದರೆ ಆ ಒಂದು ಗಂಟೆಯೇ ಕೊಲ್ಲುತ್ತದೆ.

ಆ ರಾತ್ರಿ

ಎಲ್ಲ ಕತೆಯೂ ಹೀಗೆ ಮುಗಿದಿಲ್ಲ. 1974ರ ಆಷಾಢದ ಒಂದು ರಾತ್ರಿಯ ಬಗ್ಗೆ ಹೇಳುವಾಗ ಡಾಕ್ಟರು ಬಸಳೆ ಬುಟ್ಟಿ ಪಕ್ಕಕ್ಕೆ ಇಟ್ಟರು.

ಕಾಡೊಳಗಿನ ಕೇರಿಯಿಂದ ಬಾಣಂತಿಯೊಬ್ಬಳನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತಂದರು. ಮನೆಯಲ್ಲೇ ಹೆರಿಗೆಯಾಗಿದೆ. ಮಗು ಬಂದಿದೆ, ಕಸ ಪೂರ್ತಿ ಬಿದ್ದಿಲ್ಲ. ರಕ್ತ ನಿಲ್ಲುತ್ತಿಲ್ಲ. ಇಂಜೆಕ್ಷನ್ ಕೊಟ್ಟರು, ಹೊಟ್ಟೆ ನೀವಿದರು, ಕೈಯಿಂದಲೇ ಕಸ ತೆಗೆದರು, ಇದ್ದ ಗ್ಲುಕೋಸ್ ಬಾಟ್ಲಿಗಳನ್ನೆಲ್ಲ ಏರಿಸಿದರು. ಆದರೆ ಅವಳಿಗೆ ಬೇಕಾದದ್ದು ರಕ್ತ. ಅದು ಇದ್ದದ್ದು ನೀರಿನಾಚೆ. ಲಾಂಚ್ ಕಟ್ಟಿ ಮಲಗಿದೆ. ಎಬ್ಬಿಸಿದರೆ ಲಾಂಚಿನವ ಬಂದ. ಆದರೆ ಗಾಳಿ, ಮಳೆ, ಕತ್ತಲೆ. ಹಿನ್ನೀರಿನ ಅಡಿ ಮುಳುಗಿದ ಮರಗಳ ಬೊಡ್ಡೆ. ಹೊರಟರೆ ಎಲ್ಲರೂ ಹೋಗುತ್ತೇವೆ ಎಂದ. ಸುಳ್ಳೇನೂ ಹೇಳಲಿಲ್ಲ.

ಬೆಳಗಿನ ಜಾವ ಅವಳು ಹೋದಳು. ಇಪ್ಪತ್ತೆರಡು ವಯಸ್ಸು.

"ಅವಳ ಗಂಡ ನನಗೆ ಕೈ ಮುಗಿದು, ನೀವು ಮಾಡೋದು ಮಾಡಿದ್ರಿ ಡಾಕ್ಟ್ರೇ ಅಂದ. ಅದನ್ನ ಕೇಳೋದಕ್ಕಿಂತ ಅವನು ಎರಡು ಹೊಡೆದಿದ್ದರೆ ಚಲೋ ಇತ್ತು." ಐವತ್ತು ವರ್ಷದ ಹಿಂದಿನ ಮಾತು. ಹೇಳಿ ಮುಗಿಸಿದವರು ಸ್ವಲ್ಪ ಹೊತ್ತು ಕಡಲು ನೋಡುತ್ತ ಕೂತರು.

ಡಾಕ್ಟ್ರಮ್ಮನ ಜಗಲಿ

ಅವತ್ತು ಬೆಳಿಗ್ಗೆ ಅವರು ಕ್ವಾರ್ಟರ್ಸಿಗೆ ಬಂದಾಗ ಹೆಂಡತಿ ಜಗಲಿ ತೊಳೆಯುತ್ತಿದ್ದರು. ಸೊಂಟದ ಮೇಲೆ ಎರಡು ವರ್ಷದ ಮಗಳು. "ರಾತ್ರಿ ಹೊತ್ತು ತರೋದಕ್ಕಿಂತ ದಿನ ತುಂಬಿದವರು ಮೊದಲೇ ಬಂದು ಇಲ್ಲಿ ಇರ್ಲಿ. ಜಗಲಿ ಖಾಲಿ ಇದೆ. ಗಂಜಿ ನಾನು ಹಾಕ್ತೇನೆ" ಎಂದರು.

ಅಷ್ಟೇ. ಅದಕ್ಕೆ ಆರ್ಡರು ಇಲ್ಲ, ಗ್ರಾಂಟು ಇಲ್ಲ, ಉದ್ಘಾಟನೆ ಇಲ್ಲ.

ಡಾಕ್ಟರು, ದಾಯಿ ಸೇರಿ ಕೇರಿ ಕೇರಿ ತಿರುಗಿ ಬಸುರಿಯರ ಹೆಸರು ಬರೆದುಕೊಂಡರು. ಮಗು ಅಡ್ಡ ಇದ್ದವರು, ಕಾಲು ಮುಖ ಊದಿಕೊಂಡವರು, ಹಿಂದಿನ ಹೆರಿಗೆಯಲ್ಲಿ ರಕ್ತ ಹೋದವರು, ಇಂಥವರನ್ನು ಹಗಲಿನಲ್ಲೇ, ವಾರ ಮೊದಲೇ ಲಾಂಚ್ ಹತ್ತಿಸಿ ಸಾಗರಕ್ಕೆ ಕಳಿಸುವುದು. ಉಳಿದವರು ದಿನ ಹತ್ತಿರ ಬಂದಾಗ ಡಾಕ್ಟ್ರಮ್ಮನ ಜಗಲಿಗೆ. ಜೊತೆಗೆ ಅತ್ತೆಯೋ ಅಮ್ಮನೋ. ಕೆಲವು ತಿಂಗಳು ಇಬ್ಬರು, ಕೆಲವು ತಿಂಗಳು ಆರು ಜನ. ಒಬ್ಬರಿಗೆ ಹುಳಿ ಬೇಕು, ಒಬ್ಬರಿಗೆ ವಾಂತಿ, ಒಬ್ಬರಿಗೆ ರಾತ್ರಿಯೆಲ್ಲ ಹೆದರಿಕೆ. ಜಾತಿ ಲೆಕ್ಕ ಹಾಕುವ ಅತ್ತೆಯಂದಿರು ಮೊದಮೊದಲು ಬೇರೆ ಒಲೆ ಹೂಡಿದರು. ಮಳೆ ಜೋರಾದ ಮೇಲೆ ಎಲ್ಲ ಒಂದೇ ಒಲೆಗೆ ಬಂದರು.

ಅಕ್ಕಿ? ಮೊದಲ ವರ್ಷ ಡಾಕ್ಟರ ಸಂಬಳದ್ದೇ. ಆಮೇಲೆ ಊರವರಿಗೆ ತಿಳಿಯಿತು. ಸುಗ್ಗಿ ಮುಗಿದ ಮೇಲೆ ಯಾರೋ ಭತ್ತ ತಂದಿಡುವರು, ಯಾರೋ ತೆಂಗಿನಕಾಯಿ, ಯಾರೋ ಒಣಗಿಸಿದ ಮುರುಗಲು ಸಿಪ್ಪೆ. ಕಿರಾಣಿ ಅಂಗಡಿಯವ ಬೆಲ್ಲದ ಲೆಕ್ಕ ಬರೆಯುವುದನ್ನೇ ನಿಲ್ಲಿಸಿದ.

ಒಳಗಿನ ಕೋಣೆಯಲ್ಲಿ ಡಾಕ್ಟ್ರಮ್ಮ ಮಂಚದ ಮೇಲೆ ಕೂತಿದ್ದರು. ಮಂಡಿ ನೋವು, ಸಕ್ಕರೆ ಕಾಯಿಲೆ. ಕಣ್ಣು ಅರ್ಧ ಕಾಣುತ್ತದೆ. ದಿಂಬಿನ ಅಡಿಯಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ಹಳದಿಯಾದ ಹಾಳೆ. ಬಂದವಳ ಹೆಸರು, ಬಂದ ದಿನ, ಹೋದ ದಿನ, ಗಂಡೋ ಹೆಣ್ಣೋ, ಖರ್ಚಾದ ಅಕ್ಕಿ ಎಷ್ಟು ಸೇರು. ಪುಟದ ಮೇಲೆ ಪುಟ.

"ಒಟ್ಟು ಎಷ್ಟು ಜನ ಅಮ್ಮಾ?" ಎಂದು ಕೇಳಿದೆವು.

"ಎಣಿಸಿಲ್ಲ ತಮಾ. ಎಣಿಸಿದರೆ ಉಪಕಾರ ಮಾಡಿದ ಹಾಗೆ ಆಗ್ತದೆ. ಅಕ್ಕಿ ಲೆಕ್ಕಕ್ಕೆ ಬರೆದದ್ದು ಅಷ್ಟೇ."

ಆ ಪುಸ್ತಕದ ಮೊದಲ ಸಾಲಿನಲ್ಲಿ ಮಾತ್ರ ಬಂದ ದಿನ, ಹೋದ ದಿನ ಇಲ್ಲ. ಬರೀ ಒಂದು ಹೆಸರು, ಪಕ್ಕದಲ್ಲಿ 'ಹೆಣ್ಣು' ಎಂದು. ಅದು ಆ ಆಷಾಢದ ರಾತ್ರಿ ತೀರಿಕೊಂಡವಳ ಹೆಸರು. ಆ ಹೆಣ್ಣು ಮಗು ಬದುಕಿತು. ಈಗ ಅವಳೇ ಅಜ್ಜಿ. ಪ್ರತಿ ವರ್ಷ ಅಪ್ಪೆಮಿಡಿ ಕಾಲದಲ್ಲಿ ಒಂದು ಚೀಲ ಮಿಡಿ ಬಸ್ಸಿನಲ್ಲಿ ಕಳಿಸುತ್ತಾಳೆ.

ಮಂಗ ಸತ್ತರೆ ಮೊದಲು ಹೇಳು

ಘಟ್ಟದ ಮೇಲೆ ಇನ್ನೊಂದು ಹೆದರಿಕೆ ಇತ್ತು, ಈಗಲೂ ಇದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ ಪತ್ತೆಯಾದದ್ದು ಇದು. ಅದಕ್ಕೇ ಡಾಕ್ಟರರ ಪುಸ್ತಕದಲ್ಲಿ ಇದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಹರಡುವುದು ಉಣುಗಿನಿಂದ. ಮಳೆ ನಿಂತು ಕಾಡು ಒಣಗಿದ ಮೇಲೆ, ಜನ ದರಗು, ಕಟ್ಟಿಗೆ ತರಲು ಹೋಗುವ ಹೊತ್ತಿಗೇ ಅದರ ಕಾಟ ಹೆಚ್ಚು. ಇದಕ್ಕೆಂದೇ ಔಷಧ ಇಲ್ಲ. ಜ್ವರ ಇಳಿಸಬೇಕು, ನೀರಿನಂಶ ತಪ್ಪದಂತೆ ನೋಡಬೇಕು, ರಕ್ತ ಸೋರುತ್ತದೆಯೇ ಎಂದು ಕಾಯಬೇಕು.

ಡಾಕ್ಟರು ಮಾಡಿದ ಉಪಾಯ ಸರಳ. ದನ ಕಾಯುವ ಹುಡುಗರನ್ನು ಕರೆದು, ಸತ್ತ ಮಂಗ ಕಂಡರೆ ಮುಟ್ಟದೆ ಬಂದು ಹೇಳಿದವನಿಗೆ ನಾಲ್ಕಾಣೆ ಎಂದು ಸಾರಿದರು. ಆಫೀಸಿಗೆ ವರದಿ ಬರೆಯುವುದಕ್ಕೆ ಮೊದಲೇ ಯಾವ ಕಾಡಿಗೆ ಹೋಗಬಾರದು ಎಂಬುದು ಅಂಗಡಿ ಪಾಟಿಯ ಮೇಲೆ ಬರುತ್ತಿತ್ತು. ಕಾಡಿಗೆ ಹೋಗಲೇಬೇಕಾದವರ ಕೈಕಾಲಿಗೆ ಉಣುಗು ಹತ್ತದಂತೆ ಎಣ್ಣೆ. "ನಾಲ್ಕಾಣೆ ಆಸೆಗೆ ಒಬ್ಬ ಹುಡುಗ ಒಂದೇ ಮಂಗವನ್ನ ಮೂರು ಸಲ ಹೇಳಿದ," ಎಂದು ನಗುತ್ತಾರೆ.

2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಇದೇ ಕಾಯಿಲೆಯಿಂದ ಸಾವುಗಳಾದಾಗ ಡಾಕ್ಟರಿಗೆ ಇಲ್ಲಿ ಕಡಲ ಬದಿಯಲ್ಲಿ ನಿದ್ದೆ ಬರಲಿಲ್ಲವಂತೆ. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ, "ಮಂಗ ಎಲ್ಲಿ ಬಿದ್ದಿದೆ ನೋಡ್ರೋ" ಎಂದು ಕೇಳುತ್ತಿದ್ದರು ಎಂದು ಡಾಕ್ಟ್ರಮ್ಮ ಹೇಳಿದರು.

ರಜೆಯಲ್ಲಿ ಬರುವ ನೆಂಟ

ಇವರಿಗೆ ಇಬ್ಬರು ಮಕ್ಕಳು. ಆರು ತುಂಬಿದ ಕೂಡಲೇ ಇಬ್ಬರನ್ನೂ ಹೊನ್ನಾವರದ ಅಜ್ಜಿ ಮನೆಗೆ ಕಳಿಸಿದರು, ಓದಲಿಕ್ಕೆ. ಘಟ್ಟದ ಮೇಲೆ ನಾಲ್ಕೂರಿನ ಬಸುರಿಯರು ತಾಯಿ ಮನೆಗೆ ಬಂದಂತೆ ಇವರ ಜಗಲಿಗೆ ಬರುತ್ತಿದ್ದಾಗ, ಇವರ ಮಕ್ಕಳು ಘಟ್ಟದ ಕೆಳಗೆ ಅಜ್ಜಿಯ ಸೆರಗು ಹಿಡಿದು ಮಲಗುತ್ತಿದ್ದರು.

ಮಗಳು ಈಗ ಶಾಲೆ ಟೀಚರು. ನಾವು ಹೋದ ದಿನ ಮನೆಗೆ ಬಂದಿದ್ದರು. "ಅಪ್ಪ ಅಂದರೆ ನಮಗೆ ರಜೆಯಲ್ಲಿ ಬರೋ ನೆಂಟರು. ಬರುವಾಗ ಪೆಪ್ಪರಮಿಂಟು ತರ್ತಿದ್ದರು, ಹೋಗುವಾಗ ನಾಲಿಗೆ, ಕಣ್ಣು ನೋಡಿ ಹೋಗ್ತಿದ್ದರು," ಎಂದರು. ನಗುತ್ತಲೇ ಹೇಳಿದರು. ಆದರೆ ಹೇಳಿದರು. ಮಗ ಬ್ಯಾಂಕಿನಲ್ಲಿದ್ದಾರೆ. ಡಾಕ್ಟರ್ ಓದು ಎಂದಾಗ ಆಗುವುದಿಲ್ಲ ಎಂದು ಖಡಾಖಂಡಿತ ಹೇಳಿದವರು. ಅದರ ಬಗ್ಗೆ ಡಾಕ್ಟರು ತಕರಾರು ಮಾಡಲಿಲ್ಲ. "ಅವನು ಕಂಡದ್ದನ್ನ ಕಂಡು ಬೇಡ ಅಂದ. ತಪ್ಪೇನು?"

ಮೂರು ಸಲ ವರ್ಗದ ಆರ್ಡರು ಬಂತು. ಎರಡು ಸಲ ಊರವರೇ ಹೋಗಿ ರದ್ದು ಮಾಡಿಸಿದರು. 1988ರಲ್ಲಿ ಮೂರನೆಯದು ಬಂತು: ಬಡ್ತಿ, ಪೇಟೆ, ಹೈಸ್ಕೂಲು, ನಲ್ಲಿ ನೀರು. ಡಾಕ್ಟ್ರಮ್ಮ ಪಾತ್ರೆ ಪಡಿಗ ಗೋಣಿಗೆ ಕಟ್ಟಿ ಇಟ್ಟರು. ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದು ಲೆಕ್ಕ ಹಾಕಿದರು. ಊರವರು ಬಂದು ಜಗಲಿ ತುಂಬ ಕೂತರು. ಡಾಕ್ಟರು ಬಡ್ತಿ ಬೇಡ ಎಂದು ಬರೆದು ಕೊಟ್ಟರು.

"ನನ್ನನ್ನ ಒಂದು ಮಾತು ಕೇಳಲಿಲ್ಲ ತಮಾ," ಎಂದರು ಡಾಕ್ಟ್ರಮ್ಮ. "ನಾನು ಹೋಗೋಣ ಅಂತಲೇ ಹೇಳ್ತಿದ್ದೆ. ಎಂಟು ದಿನ ಮಾತಾಡಲಿಲ್ಲ ನಾನು. ಜಗಲಿ ಮೇಲೆ ಮೂವರು ಬಸುರಿಯರಿದ್ದರು, ಅವರ ಎದುರು ಜಗಳ ಮಾಡಬಾರದು ಅಂತ ಸುಮ್ಮನಾದೆ."

ಬಾಗಿಲಲ್ಲಿ ನಿಂತಿದ್ದ ಡಾಕ್ಟರು ಏನೂ ಹೇಳದೆ ಒಳಗೆ ಒಲೆ ನೋಡಲು ಹೋದರು.

ಈಗ ಒಲೆ ಯಾರದ್ದು?

2001ರಲ್ಲಿ 58 ತುಂಬಿ ನಿವೃತ್ತಿ. ಊರವರು ಒಂದು ಗೋಡೆ ಗಡಿಯಾರ ಕೊಟ್ಟರು. ಲಾಂಚ್ ಕಟ್ಟೆಯವರೆಗೆ ನಡೆದು ಬಂದು ಬೀಳ್ಕೊಟ್ಟರು. ಮೂರು ವರ್ಷದ ಮಾತು ಮೂವತ್ತನೇ ವರ್ಷಕ್ಕೆ ನೆರವೇರಿತು. ಉಳಿತಾಯ, ಪಿಂಚಣಿ ಗಂಟು ಎರಡೂ ಸೇರಿಸಿ ಈ ಮನೆ ಕಟ್ಟಿಸಿದರು. ಮಲಗುವ ಕೋಣೆಯ ಕಿಟಕಿ ಕಡಲಿನ ಕಡೆಗೇ ಇರಬೇಕೆಂದು ಮೇಸ್ತ್ರಿಗೆ ಹೇಳಿದ್ದು ಡಾಕ್ಟರು.

ಘಟ್ಟದ ಮೇಲೆ ಕಟ್ಟಿ ನಿಲ್ಲಿಸಿದ ಶರಾವತಿ ಇಳಿದು ಬಂದು ಸಮುದ್ರ ಸೇರುವುದು ಇದೇ ಹೊನ್ನಾವರದಲ್ಲಿ. "ಅಲ್ಲಿ ತಡೆದ ನೀರೂ ಇಲ್ಲಿಗೇ ಬರ್ತದೆ, ನಾವೂ ಬಂದೆವು. ಅದು ಕರೆಂಟು ಕೊಟ್ಟು ಬಂತು, ನಾನು ಗುಳಿಗೆ ಕೊಟ್ಟು ಬಂದೆ," ಎನ್ನುತ್ತಾರೆ.

ಹೆಂಡತಿಯ ಕಣ್ಣು ಮಂಜಾದ ಮೇಲೆ ಅಡುಗೆ ಡಾಕ್ಟರದ್ದೇ. ಬೆಳಿಗ್ಗೆ ಐದಕ್ಕೆ ಎದ್ದು ಮೊದಲು ಅವರ ಸಕ್ಕರೆ ನೋಡಿ, ಇನ್ಸುಲಿನ್ ಚುಚ್ಚಿ, ಆಮೇಲೆ ಗಂಜಿ, ಚಟ್ನಿ. ಮಧ್ಯಾಹ್ನ ಅನ್ನ ಸಾರು. ಹುಬ್ಬಳ್ಳಿಯಲ್ಲಿ ಕಲಿತದ್ದಕ್ಕಿಂತ ಇದು ಕಷ್ಟ ಎಂಬುದು ಅವರ ಅನುಭವ. "ಮೂವತ್ತು ವರ್ಷ ಊರ ಮನೆಗಳಿಗೆಲ್ಲ ವಿಸಿಟ್ ಹೋದೆ. ಈಗ ಇದೊಂದೇ ಮನೆ."

"ಉಪ್ಪು ಇವತ್ತಿಗೂ ಸರಿ ಆಗೋದಿಲ್ಲ," ಎಂದರು ಡಾಕ್ಟ್ರಮ್ಮ.

ಸಂಜೆ ಐದರಿಂದ ಆರರವರೆಗೆ ಜಗಲಿ ಮೇಲೆ ಜನ. ಬಳಚು ಹೆಕ್ಕುವಾಗ ಚಿಪ್ಪಿನಿಂದ ಕಾಲು ಕೊಯ್ದುಕೊಂಡ ಹೆಂಗಸರು, ಬಲೆ ಎಳೆದು ಸೊಂಟ ಹಿಡಿದವರು, ಬಿ.ಪಿ. ನೋಡಿಸಿಕೊಳ್ಳುವ ಮುದುಕರು. ದುಡ್ಡು ಇಲ್ಲ. ಗಾಯ ತೊಳೆದು ಪಟ್ಟಿ ಕಟ್ಟುತ್ತಾರೆ. ತಮ್ಮ ಕೈಯಲ್ಲಾಗದ್ದಕ್ಕೆ ತಾಲೂಕು ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಎದೆನೋವು ಎಂದು ಬಂದವರನ್ನು ಕೂರಿಸಿಕೊಳ್ಳದೆ ನೇರ 108ಕ್ಕೆ ಫೋನ್. "2008ಕ್ಕೆ ಮೊದಲು ಈ ನಂಬರು ಇರಲಿಲ್ಲ. ನನಗೆ ಇದ್ದಿದ್ದರೆ!" ಎನ್ನುತ್ತಾರೆ.

ಬೇಧಿಯಾದ ಮಗುವಿನ ತಾಯಿಗೆ ಹೇಳುವ ಮಾತು ಘಟ್ಟದ ಮೇಲಿನದೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ. ಓ.ಆರ್.ಎಸ್. ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು. ಮಗು ಮಂಕಾದರೆ, ಕುಡಿಯದಿದ್ದರೆ, ಕಣ್ಣು ಒಳಗೆ ಹೋದರೆ ತಡಮಾಡದೆ ಆಸ್ಪತ್ರೆಗೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಕ್ಯಾಂಪಿನಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಇಂಥ ಉಪ್ಪು-ಸಕ್ಕರೆ ನೀರಿನಿಂದಲೇ ಸಾವಿರಾರು ಜೀವ ಉಳಿಸಿದ್ದರು. "ಅದು ನಮಗೆ ಗೊತ್ತಾಗಲಿಕ್ಕೆ ಎಷ್ಟೋ ವರ್ಷ ಬೇಕಾಯ್ತು. ಅಲ್ಲಿವರೆಗೆ ಉಪ್ಪು ಹಾಕಿದ ಗಂಜಿ ತಿಳಿಯೇ ನಮ್ಮ ಔಷಧ. ಅದೂ ಇವಳು ಹೇಳಿದ್ದೇ."

ಸೇತುವೆ ಬಂತು, ಆಮೇಲೆ?

2025ರ ಜುಲೈಯಲ್ಲಿ ಹಿನ್ನೀರಿಗೆ ಸಿಗಂದೂರು ಸೇತುವೆ ಆಯಿತು. ಎರಡು ಕಿಲೋಮೀಟರಿಗೂ ಉದ್ದ. ನೀರು ನಿಂತು ಅರುವತ್ತೊಂದು ವರ್ಷದ ಮೇಲೆ. ಮಳೆ ಕಮ್ಮಿಯಾದ ಮೇಲೆ ಮಗ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದರು. ಡಾಕ್ಟರು ಕಾರು ನಿಲ್ಲಿಸಲು ಹೇಳಿ, ಗಡಿಯಾರ ನೋಡಿಕೊಂಡು ದಾಟಿಸಿದರು. ನಾಲ್ಕು ನಿಮಿಷವೂ ಹಿಡಿಯಲಿಲ್ಲ.

"ಅವಳಿಗೆ ಒಂದು ರಾತ್ರಿ ಸಾಲಲಿಲ್ಲ," ಎಂದರಂತೆ ಡಾಕ್ಟ್ರಮ್ಮ. ಯಾರಿಗೆ ಎಂದು ಡಾಕ್ಟರು ಕೇಳಲಿಲ್ಲ.

ಡಾಕ್ಟರು ನಿವೃತ್ತರಾದ ಮೇಲೆ ಆ ಆಸ್ಪತ್ರೆಯ ಕುರ್ಚಿ ಬಹಳ ಕಾಲ ಖಾಲಿ ಇತ್ತು. ಬಂದವರೂ ಬೇಗ ಹೋದರು. ಜನ ಹೊಸ ಡಾಕ್ಟರುಗಳನ್ನು ಬೈದರೆ ಇವರಿಗೆ ಸಿಟ್ಟು ಬರುತ್ತದೆ. "ಬೈಬೇಡಿ. ಮಳೆಗೆ ಸೋರದ ಮನೆ ಕೊಡಿ. ಮಕ್ಕಳಿಗೆ ಹತ್ತಿರದಲ್ಲಿ ಶಾಲೆ ಕೊಡಿ. ಕೆಲಸಕ್ಕೆ ಇನ್ನೊಬ್ಬ ಡಾಕ್ಟರು, ಇಬ್ಬರು ನರ್ಸು ಕೊಡಿ. ನಾನು ಅಲ್ಲಿ ಮೂವತ್ತು ವರ್ಷ ನಿಂತೆ ಅಂತ ಹೊಗಳ್ತಾರೆ. ನಿಂತದ್ದು ನಾನೊಬ್ಬನೇ ಅಲ್ಲ. ಸರ್ಕಾರ ಒಬ್ಬನಿಗೆ ಸಂಬಳ ಕೊಟ್ಟು ಇಬ್ಬರಿಂದ ದುಡಿಸಿಕೊಂಡಿತು. ಇನ್ನೊಬ್ಬಳಿಗೆ ಪಿಂಚಣಿಯೂ ಇಲ್ಲ. ಇವತ್ತಿನ ಹುಡುಗ ಹುಡುಗಿಯರು ಹಾಗೆ ಮಾಡಬೇಕು ಅಂತ ಹೇಳೋ ಹಕ್ಕು ನನಗಿಲ್ಲ."

ಹಳ್ಳಿಗೆ ಡಾಕ್ಟರು ಬರುವುದಿಲ್ಲ ಎಂದು ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ನಾವೆಲ್ಲ ದಿನಾ ಮಾತಾಡುತ್ತೇವೆ. ಈ ಮಾತನ್ನೂ ಒಂದು ಸಲ ಆಡಿ ನೋಡಬೇಕು.

ಹೊರಡುವಾಗ ಏಳು ಗಂಟೆ. ಅಂಗಡಿ ಇಟ್ಟಿರುವ ಓದುಗರಿಗೆ ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದಾರೆ: ನಾಲ್ಕು ಪೊಟ್ಟಣ ಓ.ಆರ್.ಎಸ್. ಇಟ್ಟುಕೊಳ್ಳಿ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ಇದೆ ಎಂದು ಕೇಳಿ ಗೋಡೆಯ ಮೇಲೆ ಬರೆದಿಡಿ. ಪಾಟಿ ಆದರೂ ಸಾಕು.

ಡಾಕ್ಟ್ರಮ್ಮ ಊಟ ಮಾಡದೆ ಬಿಡಲಿಲ್ಲ. ಬಸಳೆ ಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಸಾರಿಗೆ ಉಪ್ಪು ಕಮ್ಮಿಯೇ ಇತ್ತು. ಹೇಳಲಿಲ್ಲ. ರಸ್ತೆಗೆ ಬಂದು ಕತ್ತಲಲ್ಲಿ ಕೈ ಎತ್ತಿದರೆ, ಸ್ಟಾಪು ಇಲ್ಲದ ಜಾಗದಲ್ಲಿ ಬಸ್ಸು ನಿಂತಿತು.